ಕಿಲೋ ಲೆಕ್ಕದ ದೇಶಗಳು

ನಾನು ನಿಂತಿದ್ದ ಜಾಗದ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಮೈಸೂರಿಗೆ ಹೋಗುವ ಹಳೆಯ ರಸ್ತೆ, ಪಶ್ಚಿಮಕ್ಕೆ ಬಣ್ಣದ ಗೊಂಬೆಗಳ ಕಪಾಟು, ಉತ್ತರಕ್ಕೆ ಇಮಾಮ್ ಸಾಬರು ಮರ ಕಡೆಯುವ ಮಳಿಗೆ, ದಕ್ಷಿಣಕ್ಕೆ ನಮ್ಮ ಅಕ್ಕ ಜಯಮ್ಮ. ಊರು ಚನ್ನಪಟ್ಟಣ. ದಿನ, ಹೋದ ವರ್ಷದ ಯುಗಾದಿ ಕಳೆದ ಎರಡನೆಯ ಭಾನುವಾರ. ಹೊತ್ತು, ಬೆಳಗ್ಗೆ ಹನ್ನೊಂದಕ್ಕೆ ಸ್ವಲ್ಪ ಮೊದಲು. ಅಂಗಡಿಯ ಗಡಿಯಾರ ನಿಂತಿತ್ತು, ನನ್ನದು ಯಾವಾಗಲೂ ತುಸು ಮುಂದೆ ಓಡುತ್ತದೆ. ಆದ್ದರಿಂದ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಇಷ್ಟನ್ನು ಹೇಳದೆ ನನಗೆ ಮಾತು ಆರಂಭಿಸಲು ಬರುವುದಿಲ್ಲ. ಸರ್ವೆ ಇಲಾಖೆಯಲ್ಲಿ ಮಾಗಡಿ ತಾಲ್ಲೂಕಿನ ಹೊಲಗಳ ಮೇಲೆ ಚೈನು ಎಳೆಸುತ್ತ ಮುದುಕನಾದವನು ನಾನು. ಎಲ್ಲಿ ನಿಂತಿದ್ದೆ ಎಂದು ಹೇಳದವನ ಮಾತನ್ನು ನಂಬಬಾರದು ಎಂಬುದು ನನ್ನ ಬದುಕು ಕಲಿಸಿದ ಒಂದೇ ಪಾಠ. ಆ ಜಾಗದಲ್ಲಿ ನಿಂತು ನಾನು ಒಂದು ನಿಜ ಹೇಳಿದೆ. ಅದರಿಂದ ಆದದ್ದನ್ನು ಕಂಡು ಬೆಚ್ಚಿದವನು ಇನ್ನೂ ಪೂರ್ತಿ ಸುಧಾರಿಸಿಕೊಂಡಿಲ್ಲ.

ನಿಜ ಒಂದು ಬಿಸ್ಕತ್ತಿನ ಡಬ್ಬಕ್ಕೆ ಸಂಬಂಧಿಸಿದ್ದು. ಡಬ್ಬ ನಮ್ಮ ಭಾವ ಪುಟ್ಟಸ್ವಾಮಿಯವರದು. ಅವರು ಆ ಅಂಗಡಿಯಲ್ಲಿ ಕೂತು ಗೊಂಬೆ ಮಾರುತ್ತಿದ್ದ ಕಾಲದಲ್ಲಿ ಮೈಸೂರಿಗೆ ಹೋಗುವ ಪ್ರತಿಯೊಂದು ಕಾರೂ ಚನ್ನಪಟ್ಟಣದ ನಡುವೆ ಹಾದೇ ಹೋಗಬೇಕಿತ್ತು. ಪರದೇಶದವರು ಇಳಿಯುತ್ತಿದ್ದರು, ಮರದ ಕುದುರೆಯನ್ನು ತಟ್ಟಿ ನೋಡುತ್ತಿದ್ದರು, ಬೆಲೆ ಇಳಿಸಿ ಎಂದು ಕೈಸನ್ನೆ ಮಾಡುತ್ತಿದ್ದರು. ಭಾವ ಒಂದು ಕಾಸೂ ಇಳಿಸುತ್ತಿರಲಿಲ್ಲ. ಬದಲಿಗೆ, “ಯುವರ್ ಕಂಟ್ರಿ, ಒನ್ ಕಾಯಿನ್” ಎಂದು ಕೈ ಚಾಚುತ್ತಿದ್ದರು. ಕೊಟ್ಟವರಿಗೆ ಒಂದು ಬುಗುರಿ. ದೊಡ್ಡ ನಾಣ್ಯ ಕೊಟ್ಟರೂ ಒಂದು ಬುಗುರಿ, ಚಿಕ್ಕದಕ್ಕೂ ಒಂದು ಬುಗುರಿ. ಜಗತ್ತಿನ ಅಷ್ಟೂ ದೇಶಗಳ ಹಣಕ್ಕೆ ಒಂದೇ ವಿನಿಮಯ ದರವನ್ನು ಇಟ್ಟು, ಅದನ್ನು ಕೊನೆಯವರೆಗೂ ಬದಲಿಸದೆ ನಡೆಸಿದ ವ್ಯಾಪಾರಿ ನನಗೆ ಗೊತ್ತಿರುವಂತೆ ಅವರೊಬ್ಬರೇ.

ಹಾಗೆ ತುಂಬಿತು ಡಬ್ಬ. ರಾಣಿಯ ತಲೆಯಿರುವುದು, ಹಕ್ಕಿಯಿರುವುದು, ಮೀನಿರುವುದು, ನಡುವೆ ತೂತಿರುವುದು, ಓದಲಾಗದ ಅಕ್ಷರವಿರುವುದು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅಕ್ಕ ಅವನ್ನೆಲ್ಲ ತಟ್ಟೆಗೆ ಸುರಿದು ದೀಪದ ಕಂಬಗಳ ಜೊತೆ ಹುಣಸೆಹಣ್ಣು ಹಾಕಿ ಥಳಥಳ ಉಜ್ಜಿ, ಅರಿಶಿನ ಕುಂಕುಮ ಇಟ್ಟು, ಮತ್ತೆ ಡಬ್ಬಕ್ಕೆ ತುಂಬುತ್ತಿದ್ದಳು.

ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಕಾರಿನವರು ಚನ್ನಪಟ್ಟಣವನ್ನು ಬೋರ್ಡಿನಲ್ಲಿ ಓದಿಕೊಂಡು ಮುಂದೆ ಹೋಗುತ್ತಾರೆ. ಭಾವ ಅದನ್ನು ಒಂದು ಮಳೆಗಾಲ ಕೂತು ನೋಡಿದರು. ಎರಡನೆಯ ಮಳೆಗಾಲಕ್ಕೆ ಅವರ ಎದೆ ನಿಂತಿತು. ಅಕ್ಕ ಹನ್ನೊಂದನೆಯ ದಿನದ ಕೆಲಸ ಮುಗಿಸಿ, ಹನ್ನೆರಡನೆಯ ದಿನ ಬಂದು ಬಾಗಿಲು ತೆಗೆದು ಕೂತಳು. ಬರುವವರು ಯಾರೂ ಇರಲಿಲ್ಲ. ಆದರೂ ಕೂತಳು.

ಇಲ್ಲಿ ಶಿವಲಿಂಗ ಬರುತ್ತಾನೆ. ಭಾವನ ಒಬ್ಬನೇ ತಮ್ಮ. ರಾಮನಗರದಲ್ಲಿ ರೀಲರ್, ಎಂದರೆ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ನೂಲು ಬಿಚ್ಚಿಸುವವನು. ಹೊಲ ಮನೆ ಎಲ್ಲ ಅಣ್ಣತಮ್ಮಂದಿರ ನಡುವೆ ಯಾವತ್ತೋ ಪಾಲಾಗಿತ್ತು. ಉಳಿದದ್ದು ಅಪ್ಪನ ಹೆಸರಿನಲ್ಲೇ ಇದ್ದ ಈ ಬಾಡಿಗೆ ಮಳಿಗೆಯ ಹಕ್ಕು. “ಗೊಂಬೆ ಯಾರ್ ತಕಂಡಾರು ಅತ್ಗೆ? ಗೋಬಿ ಅಂಗಡಿಯೋರು ಕೇಳ್ತಾವ್ರೆ, ಕೊಟ್ಬುಡಣ” ಎಂದು ಅವನು ಶುರು ಮಾಡಿದ. ಅಕ್ಕ ಅದಕ್ಕೆ ಹೇಳಿದ್ದು ಇಷ್ಟೇ: “ಬೆಳಗೆದ್ದು ಬಾಗ್ಲು ತೆಗ್ದು ಕೂರಕ್ಕೆ ನಂಗೊಂದು ಜಾಗ ಬೇಕು ಕಣಪ್ಪ. ಮನೇಲಿ ಕೂತು ಏನ್ ಮಾಡ್ಲಿ, ಗೋಡೆ ನೋಡ್ಲಾ?”

ಅಷ್ಟರಲ್ಲಿ ಶಿವಲಿಂಗನ ಮೊಬೈಲಿಗೆ ಒಂದು ವೀಡಿಯೊ ಬಂತು. ನೀವೂ ನೋಡಿರುತ್ತೀರಿ. ಹಣೆಗೆ ಕೂದಲು ಇಳಿಬಿಟ್ಟ ಹುಡುಗನೊಬ್ಬ ಎರಡು ಬೆರಳಿನಲ್ಲಿ ನಾಣ್ಯ ಹಿಡಿದು, ಇದು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ನೀವು ಲಕ್ಷಾಧಿಪತಿಗಳು ಎಂದು ಕೂಗುತ್ತಾನೆ. ಅವನು ಮಾತ್ರ ಆ ನಾಣ್ಯವನ್ನು ಕೈಯಲ್ಲಿ ಹಿಡಿದುಕೊಂಡೇ ಬಡವನಾಗಿ ಏಕೆ ಉಳಿದಿದ್ದಾನೆ ಎಂದು ನೋಡುವವರು ಯಾರೂ ಕೇಳುವುದಿಲ್ಲ. ಶಿವಲಿಂಗನೂ ಕೇಳಲಿಲ್ಲ. ಡಬ್ಬ ತುಂಬಿದ್ದು ಅಂಗಡಿಯಲ್ಲಿ ಕೂತು, ಅಂಗಡಿ ಅಪ್ಪನದು, ಆದ್ದರಿಂದ ಡಬ್ಬಕ್ಕೂ ಪಾಲುಂಟು ಎಂದು ಹಿರಿಯರ ಬಳಿ ಹೋದ.

ಹಿರಿಯರೆಂದರೆ ತಿಮ್ಮೇಗೌಡರು, ಭಾವನ ದೊಡ್ಡಪ್ಪ. ಅವರು ಹಳೆಯ ಪದ್ಧತಿಯನ್ನೇ ಹಿಡಿದರು. ನಮ್ಮ ಕಡೆ ಆಸ್ತಿ ಹಂಚುವಾಗ ಹಿರಿಯವನು ಪಾಲು ಮಾಡುತ್ತಾನೆ, ಕಿರಿಯವನು ಮೊದಲು ಆರಿಸಿಕೊಳ್ಳುತ್ತಾನೆ. ಮಾಡುವವನು ಮೋಸ ಮಾಡಬಾರದು ಎಂದು ಈ ಏರ್ಪಾಡು. ಹಿರಿಯವನು ಸತ್ತಿದ್ದರಿಂದ ಅವನ ಪರವಾಗಿ ತಾವೇ ಪಾಲು ಮಾಡಿದರು: ಮಳಿಗೆ ಒಂದು, ಡಬ್ಬ ಒಂದು. “ಡಬ್ಬದ ಬೆಲೆ ತಿಳಕಂಡು ಬರ್ಲಿ, ಆಮೇಲೆ ಶಿವಲಿಂಗ ಯಾವ್ದು ಬೇಕೋ ಎತ್ಕಳ್ಳಿ. ಕೇಳ್ಕಂಡು ಬರಾಕೆ ನಾಗರಾಜಪ್ಪನೇ ಸರಿ. ಅವನು ಸುಳ್ಳು ಹೇಳೋನಲ್ಲ” ಎಂದರು. ನಾಗರಾಜಪ್ಪನೆಂದರೆ ನಾನು. ಹೊಗಳಿಕೆ ಕೇಳಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ಅದರ ಅರ್ಥ ಹೊಳೆದದ್ದು ಮನೆಗೆ ಹೋಗಲು ಮಾಗಡಿ ಬಸ್ಸು ಹತ್ತಿದ ಮೇಲೆ. ಡಬ್ಬಕ್ಕೆ ಬೆಲೆಯಿದ್ದರೆ ಶಿವಲಿಂಗ ಡಬ್ಬ ಎತ್ತಿಕೊಳ್ಳುತ್ತಾನೆ, ಅಕ್ಕನಿಗೆ ಅಂಗಡಿ ಉಳಿಯುತ್ತದೆ. ಬೆಲೆಯಿಲ್ಲದಿದ್ದರೆ ಅವನು ಅಂಗಡಿ ಎತ್ತಿಕೊಳ್ಳುತ್ತಾನೆ, ಅಕ್ಕ ಡಬ್ಬ ಇಟ್ಟುಕೊಂಡು ಗೋಡೆ ನೋಡುತ್ತಾಳೆ.

ಬೆಲೆ ಎಂಬ ವಸ್ತುವಿನ ಮೇಲೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ. ಒಂದೇ ಹೊಲಕ್ಕೆ ಮೂರು ಬೆಲೆ ಇರುವುದನ್ನು ದಿನವೂ ಕಂಡವನು ನಾನು: ನೋಂದಣಿಗೆಂದು ಸರ್ಕಾರ ಗೊತ್ತು ಮಾಡಿದ್ದೊಂದು, ಕೊಳ್ಳುವವನು ಕೊಡುವುದೊಂದು, ಮಾರುವವನು ಹೆಂಡತಿಯ ಮುಂದೆ ಹೇಳುವುದೊಂದು. ನಾಣ್ಯಕ್ಕೂ ಮೂರು ಎಂದು ತಿಳಿಯಲು ಹೆಚ್ಚು ಓದಬೇಕಾಗಲಿಲ್ಲ. ಮೈಮೇಲೆ ಬರೆದದ್ದು, ಮೈಯೊಳಗಿನ ಲೋಹದ್ದು, ಬೇಕೇ ಬೇಕು ಎನ್ನುವ ಒಬ್ಬ ಮರುಳ ಸಿಕ್ಕರೆ ಅವನು ಕೊಡುವುದು. ಮೊದಲನೆಯದು ಆ ದೇಶಕ್ಕೇ ಹೋದರೆ ನಡೆಯುತ್ತದೆ. ಎರಡನೆಯದು ಕರಗಿಸಿದರೆ ಸಿಗುತ್ತದೆ. ಮೂರನೆಯದೇ ಅಂತರ್ಜಾಲದ ತುಂಬ ಹರಡಿಕೊಂಡಿರುವುದು. ಅಲ್ಲಿ ನಮ್ಮ ಡಬ್ಬದ ಹಕ್ಕಿಯ ನಾಣ್ಯವನ್ನು ಹುಡುಕಿದೆ. ಒಬ್ಬ ಅದಕ್ಕೆ ಒಂದು ಕಾಫಿಯ ಬೆಲೆ ಕಟ್ಟಿದ್ದ, ಇನ್ನೊಬ್ಬ ಒಂದು ಕಾರಿನ ಬೆಲೆ. ಕಾರಿನ ಬೆಲೆ ಕಟ್ಟಿದವನ ಹತ್ತಿರ ಯಾರಾದರೂ ಕೊಂಡಿದ್ದಾರೆಯೇ ಎಂದು ನೋಡಿದೆ. ಯಾರೂ ಇಲ್ಲ. ಕೇಳುವ ಬೆಲೆಯನ್ನು ಸಿಗುವ ಬೆಲೆ ಎಂದುಕೊಳ್ಳುವುದಾದರೆ ನನ್ನ ಹಳೆಯ ಚಪ್ಪಲಿಗೆ ಒಂದು ಕೋಟಿ ಎಂದು ಬರೆದು ನಾನೂ ಶ್ರೀಮಂತನಾಗಬಹುದು.

ಹಳೆಯದಾದಷ್ಟೂ ಬೆಲೆ ಹೆಚ್ಚು ಎನ್ನುವವರ ಗುಂಪು ಬೇರೆ. ಇವರಲ್ಲಿ ಯಾರೂ ಸಾವನದುರ್ಗವನ್ನು ತಲೆಯೆತ್ತಿ ನೋಡಿಲ್ಲವೆಂದು ತೋರುತ್ತದೆ. ಆ ಬಂಡೆಯ ವಯಸ್ಸಿನ ಮುಂದೆ ಯಾವ ರಾಜನ ಯಾವ ನಾಣ್ಯ ನಿಂತೀತು? ಅಂಥ ಬಂಡೆಯ ನೆಂಟರನ್ನೇ ನಮ್ಮ ಜಿಲ್ಲೆಯಲ್ಲಿ ಪುಡಿ ಮಾಡಿ ಜಲ್ಲಿಯೆಂದು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಾರುತ್ತಾರೆ.

ಕೊನೆಗೆ ಕನಕಪುರದಲ್ಲಿ ರುದ್ರಪ್ಪ ಎಂಬವರು ನಾಣ್ಯ ಬಲ್ಲವರು ಎಂದು ತಿಳಿಯಿತು. ಪುಸ್ತಕ ಪೆನ್ನು ಮಾರುವ ಅಂಗಡಿ. ಹಿಂದಿನ ಕೋಣೆಯಲ್ಲಿ ನಾಣ್ಯದ ವ್ಯವಹಾರ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪ್ರತಿ ಗುಂಡಿಗೂ ಹಲವು ದೇಶಗಳು ಒಟ್ಟಿಗೆ ಕಿರುಚುತ್ತಿದ್ದವು. ಕಂಡಕ್ಟರ್ ಎರಡು ಸಲ ನೋಡಿ, “ಏನ್ ಸಾ ಅದು, ಗೆಜ್ಜೆನಾ?” ಎಂದ.

ರುದ್ರಪ್ಪನವರು ನಾಣ್ಯಗಳನ್ನು ಪತ್ರಿಕೆಯ ಮೇಲೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆರಳಾಡಿಸಿದರು. ಮಸೂರದ ಗಾಜನ್ನು ಎರಡೇ ಸಲ ತೆಗೆದರು, ಎರಡು ಸಲವೂ ಬೇಗ ಕೆಳಗಿಟ್ಟರು.

“ಉಣಸೆಹಣ್ಣು ಆಕಿ ಉಜ್ಜಿದ್ರಾ ಸಾರ್?”

“ನಮ್ಮ ಅಕ್ಕ. ಆಯುಧಪೂಜೆಗೆ.”

“ದೀಪದ್ ಕಂಬ ಉಜ್ಜಲಿ, ಪುಣ್ಯ ಬತ್ತದೆ. ಇವ್ನ ಉಜ್ಜಬಾರ್ದು. ಮೇಲ್ಗಡೆ ಚರ್ಮ ಕಿತ್ತೋದ್ರೆ ಕೊಳ್ಳೋರು ಮುಟ್ಟಾಕಿಲ್ಲ.”

“ಬೆಳ್ಳಿಯದು ಒಂದಾದರೂ?”

“ಇಲ್ಲ ಸಾರ್.”

“ಈ ಹಕ್ಕಿಯದು?”

ಅವರು ಮೇಜಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಬುಟ್ಟಿ ಎಳೆದರು. ಅದರ ತುಂಬ ಹಕ್ಕಿಗಳು. “ಬೇಜಾರ್ ಮಾಡ್ಕಬೇಡಿ. ಇದು ಕಿಲೋ ಲೆಕ್ಕದ ಮಾಲು. ದೇಶ ನೋಡಲ್ಲ, ತೂಕ ಆಕದು, ಕೊಡದು. ಒಸಿ ದೇಶದೋರು ಈ ದುಡ್ಡನ್ನೇ ಬಿಟ್ಬುಟ್ಟವ್ರೆ, ಅವ್ರ ದೇಶದಾಗೂ ನಡಿಯಾಕಿಲ್ಲ.”

ತಕ್ಕಡಿ ತಂದರು. ನಾನು ನೋಡುತ್ತ ನಿಂತೆ. ಯುದ್ಧ ಮಾಡಿ ಗೆದ್ದ ರಾಷ್ಟ್ರ, ಸೋತ ರಾಷ್ಟ್ರ, ರಾಣಿಯನ್ನು ಇಟ್ಟುಕೊಂಡ ದೇಶ, ಓಡಿಸಿದ ದೇಶ, ಎಲ್ಲವೂ ಒಂದೇ ತಟ್ಟೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಎದುರು ತಟ್ಟೆಯಲ್ಲಿ ಒಂದು ಕಬ್ಬಿಣದ ತೂಕದ ಕಲ್ಲು. ಗಡಿ ಗಡಿ ಎಂದು ಬಡಿದಾಡುವವರನ್ನೆಲ್ಲ ಒಮ್ಮೆ ಕರೆತಂದು ಕನಕಪುರದ ಆ ಕೋಣೆಯಲ್ಲಿ ನಿಲ್ಲಿಸಬೇಕು. ಬಾಳೆಲ್ಲ ಗಡಿಕಲ್ಲು ನೆಡಿಸಿದ ನಾನೂ ಅವರ ಸಾಲಿನಲ್ಲೇ ನಿಲ್ಲಬೇಕು. ರುದ್ರಪ್ಪನವರು ಹೇಳಿದ ಕಿಲೋ ದರ, ಮಾರುಕಟ್ಟೆ ಚೆನ್ನಾಗಿರುವ ದಿನ ಒಂದು ಕಿಲೋ ಒಳ್ಳೆಯ ರೇಷ್ಮೆಗೂಡಿಗೆ ಸಿಗುವುದಕ್ಕಿಂತ ತುಸು ಮೇಲೆ. ಒಟ್ಟು ಡಬ್ಬಕ್ಕೆ ಬರುವ ಹಣದಲ್ಲಿ ಒಂದು ಮಧ್ಯಮ ಮಿಕ್ಸಿ ಕೊಳ್ಳಬಹುದಿತ್ತು.

ಹಂಚಿಕೆಯ ಹಿಂದಿನ ದಿನ ಅಕ್ಕನ ಮನೆಗೆ ಬಂದು ಅವಳಿಗೆ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

“ನಾಳೆ ಅಂಗೇ ಹೇಳ್ಬುಡ್ತೀಯ?”

“ಇದ್ದದ್ದನ್ನ ಹೇಳಬೇಕಲ್ಲಕ್ಕ.”

“ಗೊತ್ತಾಗ್ಲಿಲ್ಲ ಅನ್ನಕೂ ಬಾಯಿ ಬರಲ್ವಾ?”

“ಗೊತ್ತಾಗಿದೆಯಲ್ಲ.”

“ಹೊಲ ಅಳ್ದಂಗೆ ಅಕ್ಕನ್ನೂ ಅಳೀತೀಯ ಕಣೋ ನೀನು” ಎಂದವಳೇ ಒಳಗೆ ಹೋದಳು. ರಾತ್ರಿ ಊಟಕ್ಕೆ ಮುದ್ದೆ ಬಡಿಸಿದಳು, ಸಾರು ನಾನೇ ಹಾಕಿಕೊಳ್ಳಬೇಕಾಯಿತು. ನನ್ನ ಕಷ್ಟವನ್ನು ಯಾರಿಗೆ ಹೇಳಲಿ? ಸೇವೆಯಲ್ಲಿದ್ದಷ್ಟು ದಿನ ಒಂದು ಗಡಿಕಲ್ಲನ್ನೂ ಒಂದು ಗೇಣು ಅತ್ತ ಇತ್ತ ಸರಿಸಿದವನಲ್ಲ. ಇಂಥ ಪ್ರಾಮಾಣಿಕರನ್ನು ಹೊರಗಿನವರು ಮೆಚ್ಚುತ್ತಾರೆ. ಮನೆಯವರು ಮಾತ್ರ ಯಾವ ಜನ್ಮದ ಶಾಪವೋ ಎಂಬಂತೆ ನೋಡುತ್ತಾರೆ. ಮನೆಯವರದೇ ಸರಿಯಿರಬೇಕೆಂದು ಆ ರಾತ್ರಿ ಸಾರು ಬಡಿಸಿಕೊಳ್ಳುವಾಗ ಅನ್ನಿಸಿತು. ಆದರೆ ಅನ್ನಿಸಿದ ಮಾತ್ರಕ್ಕೆ ನಾಲಗೆ ಬದಲಾಗುತ್ತದೆಯೇ?

ಈಗ ಆ ಭಾನುವಾರಕ್ಕೆ ಬರುತ್ತೇನೆ. ತಿಮ್ಮೇಗೌಡರು ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದ ಮಳಿಗೆಯಿಂದ ಬಿಸಿ ಅರಗಿನ ವಾಸನೆ ಬರುತ್ತಿತ್ತು. ಶಿವಲಿಂಗ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಡಬ್ಬದೊಳಗೆ ಕೈ ಹಾಕಿ ಒಂದು ಹಿಡಿ ನಾಣ್ಯ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗೂಡು ಕೊಳ್ಳುವವರು ಒಳಗಿನ ಹುಳು ಹಣ್ಣಾಗಿದೆಯೇ ಎಂದು ಹಾಗೆ ಕೇಳುತ್ತಾರೆ. ನಾಣ್ಯದೊಳಗೆ ಅವನಿಗೆ ಏನು ಕೇಳಿಸಿತೋ. “ಹೆಂಗ್ ಹೊಳೀತಾವೆ ನೋಡು” ಎಂದ.

ನಾನು ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ. ಬೆಳ್ಳಿಯಿಲ್ಲ ಎಂದೆ. ಶಿವಲಿಂಗ “ಹೂಂ” ಎಂದ. ಅಪರೂಪದ್ದು ಒಂದೂ ಇಲ್ಲ ಎಂದೆ. “ಹೂಂ.” ಉಜ್ಜಿ ಉಜ್ಜಿ ಮೇಲ್ಮೈ ಹಾಳಾಗಿದೆ ಎಂದೆ. ಅವನ ಹುಬ್ಬು ಮೇಲಕ್ಕೇರಿತು. ಕೆಲವು ಅವರವರ ದೇಶದಲ್ಲೇ ನಡೆಯುವುದಿಲ್ಲ ಎಂದಾಗ ತುಟಿಯ ಒಂದು ಮೂಲೆಯಲ್ಲಿ ನಗು ಕಂಡಿತು. ನಾನು ವಿವರ ಹೆಚ್ಚಿಸಿದಷ್ಟೂ ನಗು ಅಗಲವಾಯಿತು. ಕಿಲೋ ಲೆಕ್ಕ ಎಂದು ಮುಗಿಸಿದಾಗ ಅವನು ತೊಡೆ ತಟ್ಟಿ ಗಟ್ಟಿಯಾಗಿ ನಕ್ಕ.

“ಭಾವ, ನಾನು ಗೂಡ್ ಮಾರ್ಕೆಟ್ನಾಗೆ ಕೂದ್ಲು ಬೆಳ್ಳಗೆ ಮಾಡ್ಕಂಡೋನು. ನಂಗೇ ಈ ಆಟನಾ?”

ಅಣ್ಣನ ಹೆಂಡತಿಯ ತಮ್ಮನಾದ ನಾನು ಅವನಿಗೂ ಭಾವನೇ. ಅವನ ನಗು ಅರ್ಥವಾಗಬೇಕಾದರೆ ಆ ಮಾರುಕಟ್ಟೆಯ ಮಾತುಕತೆ ಗೊತ್ತಿರಬೇಕು. ಹರಾಜು ಮೊಬೈಲಿಗೆ ಬಂದಿದ್ದರೂ ಹರಾಜಿಗೆ ಮುಂಚಿನ ಮಾತು ಬಾಯಲ್ಲೇ ಉಳಿದಿದೆ. ರೀಲರ್ ಒಬ್ಬ ರೈತನ ಗೂಡಿನ ಮುಂದೆ ನಿಂತು, “ಏನ್ ಗೌಡ್ರೆ ಇದು, ನೊಣ ಹೊಡ್ದೈತೆ, ಅರ್ಧ ಜೊಳ್ಳು, ನೂಲೇ ಬಿಚ್ಚಾಕಿಲ್ಲ, ತಿಪ್ಪೆಗಾಕಿ” ಎಂದನೆಂದರೆ ಅವನಿಗೆ ಆ ಗೂಡು ಬೇಕೇ ಬೇಕು ಎಂದು ಅರ್ಥ. ಬೇಡವಾದವನು ಏನೂ ಅನ್ನದೆ ಮುಂದಕ್ಕೆ ಹೋಗುತ್ತಾನೆ. ಆ ಅಂಗಳದಲ್ಲಿ ಯೌವನ ಕಳೆದವನ ಕಿವಿಗೆ ಯಾವುದೇ ಮಾಲಿನ ನಿಂದೆ ಪ್ರೇಮಪತ್ರದಂತೆ ಕೇಳಿಸುತ್ತದೆ. ಅವನ ಲೆಕ್ಕ ಹೀಗೆ: ಅಕ್ಕನ ತಮ್ಮ, ಅಕ್ಕನ ಅಂಗಡಿಯಲ್ಲಿ ನಿಂತು, ಅಕ್ಕನ ಡಬ್ಬವನ್ನು ಒಂದೊಂದಾಗಿ ಎಣಿಸಿ ಹೀಗಳೆಯುತ್ತಿದ್ದಾನೆ. ಇಷ್ಟು ಶ್ರದ್ಧೆಯಿಂದ ಹೀಗಳೆಯಬೇಕಾದರೆ ಡಬ್ಬದಲ್ಲಿ ಎಷ್ಟಿರಬೇಡ!

“ಶಿವಲಿಂಗ, ನಾನು ನಿಜ ಹೇಳ್ತಿದೀನಪ್ಪ” ಎಂದೆ.

“ಔದೌದು, ಜೊಳ್ಳು ಗೂಡು. ತಿಪ್ಪೆಗಾಕದು” ಎಂದು ಅವನು ಡಬ್ಬವನ್ನು ಎದೆಗೆ ಹತ್ತಿರ ಎಳೆದುಕೊಂಡ.

“ಆಣೆ ಮಾಡ್ಲಾ?”

“ಗೌರ್ಮೆಂಟ್ನಾಗಿದ್ದೋರು ಸಲೀಸಾಗ್ ಮಾಡ್ತೀರ ಬುಡಿ.”

ಇದು ನನ್ನನ್ನು ಕೆರಳಿಸಿತು. ಬೇಕಿದ್ದರೆ ಈಗಲೇ ರುದ್ರಪ್ಪನವರಿಗೆ ಫೋನು ಹಚ್ಚುತ್ತೇನೆ ಎಂದು ಜೇಬಿಗೆ ಕೈ ಹಾಕಿದೆ. ಆಗ ದಕ್ಷಿಣದ ಗಡಿ ಸರಿದು ಬಂದು ನನ್ನ ಬಲಗಾಲಿನ ಮೇಲೆ ನಿಂತಿತು. ಅಕ್ಕನ ಮುಖ ಕಪಾಟಿನ ಕಡೆಗಿತ್ತು, ಕೈ ಒಂದು ಗೊಂಬೆಯ ಧೂಳು ಒರೆಸುತ್ತಿತ್ತು; ದೇಹದ ತೂಕವೆಲ್ಲ ನನ್ನ ಹೆಬ್ಬೆರಳಿನ ಮೇಲಿತ್ತು. ನಾನು ಫೋನು ತೆಗೆಯಲಿಲ್ಲ. ಪಕ್ಕದಲ್ಲಿ ಇಮಾಮ್ ಸಾಬರ ಯಂತ್ರ ನಿಂತಿತು. ಅವರು ಉಳಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡುತ್ತಿದ್ದರು.

ಶಿವಲಿಂಗ ಎರಡೂ ಕೈಯನ್ನು ಡಬ್ಬದ ಮೇಲಿಟ್ಟು, “ದೊಡ್ಡಯ್ಯ, ನಂಗೆ ಇದು” ಎಂದ. ತಿಮ್ಮೇಗೌಡರು, “ಆಮೇಲೆ ಮಾತಿಲ್ಲ ಕಣ್ಲಾ” ಎಂದರು. “ಮಾತೇ ಇಲ್ಲ” ಎಂದ ಅವನು. ಅಂಗಡಿ ಅಕ್ಕನಿಗೆ ಉಳಿಯಿತು.

ನಾನು ಬೆಚ್ಚಿದ್ದು ಏಕೆಂದು ಈಗ ನಿಮಗೆ ತಿಳಿದಿರಬೇಕು. ಒಂದು ಸಣ್ಣ ಸುಳ್ಳು ಹೇಳಿ, ಡಬ್ಬಕ್ಕೆ ಲಕ್ಷ ಬರುತ್ತದೆ ಎಂದಿದ್ದರೆ ಶಿವಲಿಂಗ ಖಂಡಿತ ಅನುಮಾನ ಪಡುತ್ತಿದ್ದ, ಅಂಗಡಿಯನ್ನೇ ಎತ್ತಿಕೊಳ್ಳುತ್ತಿದ್ದ. ಜಗತ್ತಿನಲ್ಲಿ ಯಾವ ಸುಳ್ಳೂ ಮಾಡಲಾಗದಷ್ಟು ಚೊಕ್ಕವಾದ ಮೋಸವನ್ನು ನನ್ನ ಅಕ್ಷರಶಃ ನಿಜ ಮಾಡಿಬಿಟ್ಟಿತು. ಇಷ್ಟು ವರ್ಷ ನಾನು ಅಳೆದು ಹೇಳಿದ ಅಳತೆಗಳನ್ನು ಯಾರ್‍ಯಾರು ಯಾವ್ಯಾವ ಮಾರುಕಟ್ಟೆಯ ಕಿವಿಯಿಂದ ಕೇಳಿಸಿಕೊಂಡರೋ ಎಂದು ಈಗಲೂ ಎಣಿಸುತ್ತ ಕೂರುತ್ತೇನೆ.

ಶಿವಲಿಂಗ ಡಬ್ಬವನ್ನು ಮಾರಿಲ್ಲ. ಇನ್ನೇನು ರುದ್ರಪ್ಪನವರಂಥ ಯಾರಾದರೂ ಅವನಿಗೆ ತಕ್ಕಡಿ ತೋರಿಸುತ್ತಾರೆ, ಇನ್ನೇನು ಅವನು ಜಗಳಕ್ಕೆ ಬರುತ್ತಾನೆ ಎಂದು ನಾನು ಕಾದೆ. ಬರಲಿಲ್ಲ. ಕೇಳಿದರೆ, “ರೇಟು ಬರ್ಲಿ ತಡಿ ಭಾವ, ಏನ್ ಅರ್ಜೆಂಟು?” ಎನ್ನುತ್ತಾನೆ. ಆ ಮಾತು ಹೇಳುವಾಗ ಅವನ ಮುಖ ನೋಡಬೇಕು. ಗೂಡಿನ ವ್ಯಾಪಾರದಲ್ಲಿ ಕಾಯುವ ಸುಖವೇ ಇಲ್ಲ. ತಂದ ಗೂಡನ್ನು ನಾಲ್ಕು ದಿನ ಹಾಗೇ ಬಿಟ್ಟರೆ ಒಳಗಿನದು ಚಿಟ್ಟೆಯಾಗಿ ಕೊರೆದು ಬಂತು, ನೂಲು ಹೋಯಿತು. ಬಾಳಿನುದ್ದಕ್ಕೂ ಒಂದು ಹುಳುವಿನ ಅವಸರಕ್ಕೆ ಓಡಿದವನ ಕೈಗೆ ಎಷ್ಟು ದಿನ ಇಟ್ಟರೂ ಕೊರೆದು ಬಾರದ ಮಾಲು ಮೊದಲ ಸಲ ಸಿಕ್ಕಿದೆ. ಅದನ್ನು ಅವನು ಸವಿಯುತ್ತಿದ್ದಾನೆ. ಮಿಕ್ಸಿಯಲ್ಲಿ ಈ ಸುಖ ಸಿಗುತ್ತಿತ್ತೆ?

ಇನ್ನೊಂದು ನಡೆದಿದೆ. ಯಾವ ನಾಣ್ಯ ಯಾರು ಕೊಟ್ಟದ್ದೆಂದು ಗೊತ್ತಿದ್ದರೆ ರೇಟು ಏರುತ್ತದೆ ಎಂದು ಮೊಬೈಲಿನ ಹುಡುಗ ಇನ್ನೊಂದು ವೀಡಿಯೊದಲ್ಲಿ ಕೂಗಿದನಂತೆ. ಅಂದಿನಿಂದ ಶಿವಲಿಂಗ ಬಿಡುವಾದಾಗಲೆಲ್ಲ ರಾಮನಗರದಿಂದ ಒಂದು ನಾಣ್ಯವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಬರುತ್ತಾನೆ. “ಅತ್ಗೆ, ಇದ್ಯಾರು ಕೊಟ್ಟಿದ್ದು?”

“ಅದಾ? ಕೆಂಪು ಗಡ್ಡದೋನು. ಬುಗುರಿ ಆಡ್ಸಕ್ಕೆ ಬರ್ದೆ ನಿಮ್ಮಣ್ಣನ ಕಾಲ್ಮೇಲೇ ಬುಟ್ಟಿದ್ದ. ಕೂತ್ಕ, ಕಾಫಿ ತರುಸ್ತೀನಿ.”

ಆಗುತ್ತದೆ ಎರಡು ಗಂಟೆ ಮಾತು. ಅಣ್ಣ ಬದುಕಿದ್ದಾಗ ಇವನು ಆ ಅಂಗಡಿಯ ಮೆಟ್ಟಿಲನ್ನು ಹಬ್ಬಕ್ಕೂ ಹತ್ತಿದವನಲ್ಲ. ಅಕ್ಕನಿಗೆ ಅಷ್ಟೊಂದು ಮುಖ ನೆನಪಿದೆಯೆಂದು ನಾನು ನಂಬುವುದಿಲ್ಲ. ಅದೇ ಕೆಂಪು ಗಡ್ಡದವನು ನಾನು ಕೇಳಿದಂತೆ ಮೂರು ಬೇರೆ ಬೇರೆ ದೇಶಗಳ ನಾಣ್ಯ ಕೊಟ್ಟಿದ್ದಾನೆ, ಮೂರು ಸಲವೂ ಬುಗುರಿಯನ್ನು ಭಾವನ ಕಾಲಿನ ಮೇಲೆ ಬಿಟ್ಟಿದ್ದಾನೆ. ಇದನ್ನು ಶಿವಲಿಂಗನ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಒಂದೆರಡು ಸಲ ಅನ್ನಿಸಿತು. ಆದರೆ ಈ ಸಲ ಬೆಲೆ ತಿಳಿದು ಬಾ ಎಂದು ನನ್ನನ್ನು ಯಾರೂ ಕಳಿಸಿಲ್ಲ. ನಾನೂ ಒಂದು ಲೋಟ ಕಾಫಿ ಕುಡಿದು, ಎದ್ದು, ಮಾಗಡಿ ಬಸ್ಸು ಹಿಡಿಯುತ್ತೇನೆ.

ಆ ಭಾನುವಾರದ್ದನ್ನು ಕಣ್ಣಾರೆ ಕಂಡವರಲ್ಲಿ ತಿಮ್ಮೇಗೌಡರು ಈಗಿಲ್ಲ. ಇಮಾಮ್ ಸಾಬರು ಇದ್ದಾರೆ. ಕಿವಿ ಮಂದ, ಕಣ್ಣು ಚುರುಕು, ಬುಗುರಿ ಇನ್ನೂ ಕಡೆಯುತ್ತಾರೆ. ಶಿವಲಿಂಗ ಇದ್ದಾನೆ, ಅವನನ್ನು ಕೇಳಿದರೆ ಭಾವ ನನಗೆ ಮೋಸ ಮಾಡಲು ನೋಡಿದ, ನಾನು ಸಿಕ್ಕಲಿಲ್ಲ ಎಂದು ಹೇಳುತ್ತಾನೆ. ನಮ್ಮ ಅಕ್ಕ ಜಯಮ್ಮ ಇದ್ದಾಳೆ. ಆ ಹೊತ್ತಿನಲ್ಲಿ ತಾನು ಗೊಂಬೆ ಒರೆಸುತ್ತಿದ್ದೆ, ಏನನ್ನೂ ನೋಡಲಿಲ್ಲ ಎನ್ನುತ್ತಾಳೆ. ನನ್ನ ಬಲಗಾಲಿನ ಹೆಬ್ಬೆರಳೂ ಇದೆ. ಅದರ ಉಗುರು ಬೇರೆಯೇ ಸಾಕ್ಷಿ ಹೇಳುತ್ತದೆ.